ಖಾಲಿ ತೊಟ್ಟಿಲು

ಖಾಲಿ ತೊಟ್ಟಿಲು ತೂಗಬಾರದು. ತೂಗಿದರೆ ಮಗುವಿಗೆ ಆಗಿಬರುವುದಿಲ್ಲ ಅನ್ನುವುದು ಕೊಕಂದ್ ಪೇಟೆಯಲ್ಲಿ ಎಲ್ಲರಿಗೂ ಗೊತ್ತು. ಹೀಗಾಗಿ ತೊಟ್ಟಿಲು ಮಾಡಿ ಮಾರುವ ಎರ್ಗಶನ ಅಂಗಡಿಗೆ ಬಂದವರೆಲ್ಲ ತೊಟ್ಟಿಲಿನ ಬಣ್ಣ ಹೊಗಳಿ, "ತೂಗಿ ನೋಡೋ ಹಾಗಿಲ್ವಲ್ಲ, ಹೇಗಪ್ಪಾ ನಂಬೋದು?" ಎಂದು ಹೊರಟುಬಿಡುತ್ತಿದ್ದರು. ತಿಂಗಳಿಂದ ಏಳು ತೊಟ್ಟಿಲಲ್ಲಿ ಒಂದೂ ಕದಲಿರಲಿಲ್ಲ.

ಪಕ್ಕದ ಅಂಗಡಿಯ ಶೊಕಿರ್ ಮಕ್ಕಳ ತಳ್ಳುಗಾಡಿ ಮಾರುವವನು. ಎರ್ಗಶನ ಅಂಗಡಿಯ ಮುಂಭಾಗದ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣು. ಆ ಬೆಳಿಗ್ಗೆ ಇಡೀ ಪೇಟೆಗೆ ಕೇಳುವ ಹಾಗೆ ಕೂಗಿದ: "ಇವತ್ತು ಸಂಜೆಯೊಳಗೆ ಒಂದಾದ್ರೂ ಮಾರು ನೋಡೋಣ! ಆಗ್ಲಿಲ್ವಾ, ಮುಂದಿನ ಜಾಗ ನಂದು. ನಿನ್ನ ತೊಟ್ಟಿಲೆಲ್ಲ ಹಿಂದಕ್ಕೆ!"

"ಆಗ್ಲಯ್ಯಾ!" ಎಂದು ಎರ್ಗಶ್ ಮೀಸೆ ತಿರುವಿದ. "ಗಿರಾಕಿಗೆ ಏನು ಬೇಕು ಅಂತ ತಿಳ್ಕೊಂಡವನೇ ವ್ಯಾಪಾರಿ ಕಣೋ. ಅವರಿಗೆ ತೂಗಿ ನೋಡ್ಬೇಕು. ತೂಗೋಕೆ ಒಂದು ಮಗು ಬೇಕು. ಅಷ್ಟೇ ತಾನೆ?"

ಎದುರಿಗೆ ರೊಟ್ಟಿ ಮಾರುವ ಮುಯಸ್ಸರಳ ಮಗು ಬೆಳಗಿನಿಂದ ಒಂದೇ ಸಮನೆ ಕಿರುಚುತ್ತಿತ್ತು. ಎರ್ಗಶ್ ಅವಳನ್ನು ಕೇಳಿ ಅದನ್ನು ತಂದು ತೊಟ್ಟಿಲಲ್ಲಿ ಮಲಗಿಸಿ, ಬೀಳದಂತೆ ಬಟ್ಟೆಯ ಪಟ್ಟಿ ಕಟ್ಟಿ, ನಾಲ್ಕು ಸಲ ತೂಗಿದ. ಮಗು ಗೊರಕೆ ಹೊಡೆಯತೊಡಗಿತು.

ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಹೆಂಗಸರು ಮುತ್ತಿದರು.

"ಅಣ್ಣಾ, ನಮ್ಮದನ್ನೂ ಒಂದ್ಸಲ ಮಲಗಿಸಿ ನೋಡ್ಲಾ?"

"ನೋಡಮ್ಮಾ, ಅದಕ್ಕೇ ಇರೋದು!"

"ಹಾಗೇ ಒಂಚೂರು ಈರುಳ್ಳಿ ತಗೊಂಡು ಬಂದ್ಬಿಡ್ತೀನಿ, ಆಯ್ತಾ?"

ಮಧ್ಯಾಹ್ನದೊಳಗೆ ಏಳು ತೊಟ್ಟಿಲಲ್ಲಿ ಏಳು ಮಕ್ಕಳು, ಒಬ್ಬ ತಾಯಿಯೂ ಇತ್ತ ಸುಳಿಯಲಿಲ್ಲ. ಎರ್ಗಶ್ ಕೈಕಾಲಿಗೆಲ್ಲ ಹಗ್ಗ ಕಟ್ಟಿಕೊಂಡು ತೂಗುತ್ತಿದ್ದ. ನಡುನಡುವೆ ಎದ್ದು, ತೊಟ್ಟಿಲುಗಳ ತಳದ ತೂತಿನ ಕೆಳಗೆ ಇಟ್ಟ, ಉಚ್ಚೆ ತುಂಬಿದ ಕುಡಿಕೆಗಳನ್ನು ಚೆಲ್ಲಿ ಬರುತ್ತಿದ್ದ.

"ಎಷ್ಟು ಮಾರಿದ್ಯಪ್ಪಾ?" ಎಂದು ಶೊಕಿರ್ ಇಣುಕಿದ.

"ಶ್! ಏಳೂ ಮಾರಿದ ಹಾಗೇ ಲೆಕ್ಕ. ಮಗು ಇಷ್ಟು ಚೆನ್ನಾಗಿ ಮಲಗಿದ ತೊಟ್ಟಿಲನ್ನ ಯಾವ ತಾಯಿ ಬಿಟ್ಟು ಹೋಗ್ತಾಳೆ?"

ಅಷ್ಟರಲ್ಲಿ ಸನೊಬರಜ್ಜಿ ಬಂದಳು. ಮಗಳಿಗೆ ಚೊಚ್ಚಲ ಹೆರಿಗೆಯಾಗಿತ್ತು, ಅಂದು ಸಂಜೆಯೇ ತೊಟ್ಟಿಲ ಶಾಸ್ತ್ರ. ತವರಿನಿಂದ ಹೊಸ ತೊಟ್ಟಿಲು ಹೋಗಲೇಬೇಕು. "ಆ ಕೆಂಪು ತೊಟ್ಟಿಲು ಕಟ್ಟಿಕೊಡಪ್ಪಾ. ನೀನು ಹೇಳಿದಷ್ಟು ಕೊಡ್ತೀನಿ, ಚೌಕಾಸಿ ಮಾಡಲ್ಲ" ಎಂದಳು.

ಕೊಕಂದ್ ಪೇಟೆಯಲ್ಲಿ ಇಂಥ ಮಾತು ಯಾರೂ ಕೇಳಿದ್ದಿಲ್ಲ. ಎರ್ಗಶ್ ಉಸಿರು ಬಿಗಿಹಿಡಿದು ಕೆಂಪು ತೊಟ್ಟಿಲಿನ ಪಟ್ಟಿ ಬಿಚ್ಚಿದ, ಮಗುವನ್ನು ಮೆಲ್ಲಗೆ ಎತ್ತಿದ. ಮಗು ಸೂರು ಹಾರುವಂತೆ ಕಿರುಚಿತು. ಅದನ್ನು ಕೇಳಿ ಪಕ್ಕದ್ದು, ಅದರ ಪಕ್ಕದ್ದು, ಕೊನೆಗೆ ಏಳೂ ಶುರುವಾದವು.

ಅಜ್ಜಿ ಕಿವಿ ಮುಚ್ಚಿಕೊಂಡಳು. "ಅಯ್ಯೋ ದೇವರೇ! ಇವೇನು ತೊಟ್ಟಿಲೋ ಮುಳ್ಳಿನ ಹಾಸಿಗೆಯೋ? ನನ್ನ ಮೊಮ್ಮಗ ಇದರಲ್ಲಿ ಮಲಗಬೇಕಾ?" ಎಂದು ಬೈಯುತ್ತ ಪಕ್ಕದ ಬೀದಿಯ ಅಂಗಡಿಗೆ ನಡೆದೇಬಿಟ್ಟಳು.

ಸಂಜೆ ತಾಯಂದಿರು ಒಬ್ಬೊಬ್ಬರಾಗಿ ಬಂದರು. ಅಷ್ಟರಲ್ಲಿ ಮಕ್ಕಳೆಲ್ಲ ಮತ್ತೆ ಮಲಗಿದ್ದವು.

"ನಿಮ್ಮ ಕೈಗುಣಾನೇ ಕೈಗುಣ ಅಣ್ಣಾ!" ಎಂದಳು ಮುಯಸ್ಸರ್.

"ಹಾಗಾದ್ರೆ ಕಟ್ಟಿಕೊಡ್ಲಾ?"

"ಏನನ್ನ?"

"ತೊಟ್ಟಿಲನ್ನ, ತಾಯಿ!"

ಎಲ್ಲರೂ ಗೊಳ್ಳೆಂದು ನಕ್ಕರು. "ಮನೇಲಿ ಮುತ್ತಜ್ಜನ ಕಾಲದ್ದಿದೆಯಲ್ಲಣ್ಣ! ನಮಗೆ ತೊಟ್ಟಿಲು ಯಾಕೆ? ತೂಗೋರು ಬೇಕಿತ್ತು. ನಾಳೆ ಸ್ವಲ್ಪ ಬೇಗ ಬಾಗಿಲು ತೆಗೀರಿ." ಮುಯಸ್ಸರ್ ಎರಡು ರೊಟ್ಟಿ ಕೈಗಿಟ್ಟಳು. ಏಳು ಮಕ್ಕಳೂ ಹೋದವು.

ಶೊಕಿರ್ ಮಾತಿಗೆ ತಪ್ಪಲಿಲ್ಲ. ತೊಟ್ಟಿಲುಗಳನ್ನು ಹಿಂದಕ್ಕೆ ತಳ್ಳಿ ಮುಂದೆ ತನ್ನ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ. ಆಮೇಲೆ ಮನೆಗೆ ಹೋದವನು, ಅರ್ಧ ಗಂಟೆಯಲ್ಲಿ ಅಳುವ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಕಳ್ಳನ ಹಾಗೆ ಬಂದ.

"ಎರ್ಗಶ್, ಒಂದ್ಸಲ ತೂಗೋ ಮಾರಾಯ. ಮೂರು ದಿನದಿಂದ ಮನೇಲಿ ಯಾರಿಗೂ ನಿದ್ದೆ ಇಲ್ಲ. ನನ್ನ ಗಾಡೀಲಿ ಹಾಕಿದ್ರೆ ಸಾಕು, ಎದ್ದು ಕೂತ್ಕೋತಾನೆ."

ಎರ್ಗಶ್ ತೂಗಿದ. ನಾಲ್ಕನೇ ಸಲ ತೂಗುವಷ್ಟರಲ್ಲಿ ಮಗು ಮಲಗಿತು.

"ಈ ತೊಟ್ಟಿಲು ನಂಗೇ ಇರ್ಲಿ" ಎಂದ ಶೊಕಿರ್, ಕಣ್ಣಲ್ಲಿ ನೀರು ತುಂಬಿಕೊಂಡು.

ಎರ್ಗಶ್ ನೆಗೆದು ನಿಂತ. "ಕಟ್ಟಿಕೊಡ್ಲಾ?"

"ಕಟ್ಟೋದ್ಯಾಕೆ? ನಾಳೆಯಿಂದ ಇವನು ಇಲ್ಲೇ ಮಲಗ್ಲಿ. ಹೇಗೂ ನಾನು ನಿನ್ನ ಅಂಗಡಿ ಮುಂದೇನೇ ಇರ್ತೀನಲ್ಲ."

ಎರ್ಗಶ್ ರೊಟ್ಟಿ ಮುರಿದು ಬಾಯಿಗಿಟ್ಟ. ಆಮೇಲೆ ಮತ್ತೆ ಮೀಸೆ ತಿರುವಿದ.

"ಏಳೂ ನಾಳೆಗೆ ಆಗಲೇ ಭರ್ತಿ. ನಿನ್ನವನಿಗೆ ಅಂತ ಈಗಿಂದೀಗ ಎಂಟನೇದು ಮಾಡ್ಬೇಕು" ಎಂದು ಉಳಿ ಕೈಗೆತ್ತಿಕೊಂಡ. "ವ್ಯಾಪಾರ ಬೆಳೀತಾ ಇದೆ ಕಣೋ!"