ಗಂಡನ ಪಾಲಿನ ಬಟ್ಟಲು

ಮಾಲ್‌ಸುನ್ ದಿನಾ ಒಂದು ಗಂಟೆ ನಡೆದಳು. ಹೊತ್ತಿಗೆ ಅರ್ಧ ಬಟ್ಟಲು ಅನ್ನ ಉಂಡಳು. ಆದರೂ ತಿಂಗಳಲ್ಲಿ ಎರಡು ಕಿಲೋ ಏರಿದಳು. ಕೊರಿಯಾ ದೇಶದಲ್ಲಿ ಇಂಥ ಅನ್ಯಾಯ ಇನ್ಯಾವ ಹೆಂಗಸಿಗೂ ಆಗಿರಲಿಕ್ಕಿಲ್ಲ.

ಸುಗ್ಗಿ ಹುಣ್ಣಿಮೆಗೆ ಮುಂಚೆ ಗುಡ್ಡ ಹತ್ತಿ ಗಂಡನ ಸಮಾಧಿಯ ಹುಲ್ಲು ಕೊಯ್ಯಬೇಕು. ಚಳಿಗಾಲದಲ್ಲಿ ಹೋದವನಿಗೆ ಇದು ಮೊದಲ ಹಬ್ಬ. ಹುಲ್ಲು ಹಾಗೇ ಉಳಿದರೆ ಹೆಂಡತಿ ಮರೆತಳು ಅನ್ನುತ್ತಾರೆ. ವೈದ್ಯರೋ, ಐದು ಕಿಲೋ ಇಳಿಯದೆ ಈ ಮಂಡಿ ಗುಡ್ಡ ಹತ್ತುವುದಿಲ್ಲ ಎಂದಿದ್ದರು.

ನರ್ಸ್ ಹ್ಯೋಂಜು ಮನೆಗೇ ಬಂದು, ತಿಂದದ್ದನ್ನು ಬರೆದಿಡುವ ಪುಸ್ತಕ ತೆರೆದಳು. ಅರ್ಧ ಬಟ್ಟಲಿಗೊಂದು ಅರ್ಧಚಂದ್ರ. ಪುಟದ ತುಂಬ ಅವೇ.

"ಅಜ್ಜೀ, ಸುಳ್ಳು ಬರೆದಿದ್ದೀರಾ?"

"ನಿಜ ಬರೆಯೋಕೇ ಅಕ್ಷರ ಸಾಲಲ್ಲ, ಸುಳ್ಳಿಗೆಲ್ಲಿಂದ ತರಲಿ?"

ಹ್ಯೋಂಜುವಿನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಗಂಡ ದೊಕ್‌ಬೇಯ ಫೋಟೊ. ಮುಂದೆ ಗೋಪುರದಂಥ ಅನ್ನ, ಸತ್ತವರಿಗೆ ಬಡಿಸುವ ಪದ್ಧತಿಯಂತೆ ಅದರಲ್ಲಿ ನೆಟ್ಟ ಚಮಚ, ಹುರಿದ ಮೀನು, ಹಂದಿಮಾಂಸ, ಒಂದು ಬಟ್ಟಲು ಅಕ್ಕಿಹೆಂಡ.

"ಇದು?"

"ಅವರ ಊಟ. ಮೂರು ಹೊತ್ತೂ ಇಡ್ತೀನಿ."

"ಆಮೇಲೆ?"

"ಅವರದು ಮುಗಿದ ಮೇಲೆ ನಾನು ತಿಂತೀನಿ. ಬಿಸಾಡೋಕಾಗುತ್ತಾ?"

"ಇದನ್ನ ಬರೆದೇ ಇಲ್ವಲ್ಲ."

"ನಂದಲ್ವಲ್ಲಮ್ಮ. ಅವರದು."

ಹ್ಯೋಂಜು ಪುಸ್ತಕ ಮುಚ್ಚಿದಳು. "ಹಾಗಾದ್ರೆ ಅವರ ಪಾಲಿನ ನಡಿಗೆ ಯಾರು ನಡೀತಾರೆ?"

"ಬದುಕಿದ್ದಾಗ್ಲೇ ನಡೀಲಿಲ್ಲ. ಈಗ ನಡೀತಾರಾ?"

"ಅವರ ಬಟ್ಟಲು ಅರ್ಧ ಮಾಡಿ, ಅಜ್ಜಿ."

ಮರುದಿನ ಮಾಲ್‌ಸುನ್ ಅರ್ಧವೇ ಇಟ್ಟು, "ನಿಮಗೂ ಪಥ್ಯ" ಎಂದಳು. ಫೋಟೊದ ಮುಖ ಊದಿಕೊಂಡಂತೆ ಕಂಡಿತು. ನಲವತ್ತಾರು ವರ್ಷ ಆ ಮುಖಕ್ಕೆ ಹೆದರಿದವಳು. ಎದ್ದು ಹೋಗಿ ಅವನ ಬಟ್ಟಲು ತುಂಬಿದಳು. ತನ್ನ ಬಟ್ಟಲನ್ನು ತೊಳೆದು ಮೇಲಿನ ಹಲಗೆಯಲ್ಲಿ ಬೋರಲಾಗಿಟ್ಟಳು. ಹಂದಿಮಾಂಸ, ಹೆಂಡ ಮಾತ್ರ ನಿಲ್ಲಿಸಿದಳು. ಅದಕ್ಕೆ ಅವನು ಎರಡು ದಿನ ಮುನಿಸಿಕೊಂಡಿರಬೇಕು. ನಡಿಗೆಯನ್ನು ಎರಡು ಗಂಟೆ ಮಾಡಿದಳು. ಒಂದು ಗಂಟೆ ಅವನದು.

ಹಬ್ಬದ ಹೊತ್ತಿಗೆ ಐದಲ್ಲ, ನಾಲ್ಕು ಕಿಲೋ ಇಳಿಯಿತು. ಮಂಡಿ ಬೈಯುತ್ತ ಬೈಯುತ್ತ ಗುಡ್ಡ ಹತ್ತಿತು. ಹುಲ್ಲು ಕೊಯ್ದಳು. ಬುತ್ತಿ ಬಿಚ್ಚಿ ಇದ್ದ ಒಂದೇ ಬಟ್ಟಲಿಗೆ ಚಮಚ ನೆಟ್ಟು ಪಕ್ಕದಲ್ಲಿ ಕುಳಿತಳು.

"ತಿನ್ನಿ" ಎಂದಳು. ಗಾಳಿ ಬೀಸಿತು. ಅನ್ನ ಇನ್ನಷ್ಟು ಆರಿತು.

"ಈಗಾದ್ರೂ ಬೇಗ ಮುಗಿಸ್ರೀ. ನಂಗೆ ಹಸಿವು."