ಕರಡಿಗೆಯ ಕೆಳಗಿನ ಕರಿ ಚುಕ್ಕೆ

ನಮ್ಮ ಸೋದರಮಾವನ ರಕ್ತ ಕುಡಿದ ಉಣ್ಣೆ ಬದುಕುವುದಿಲ್ಲ! ಇದಕ್ಕೆ ಸಾಕ್ಷಿ ಯಾರು? ಸ್ವತಃ ಮಾವ.

ಬೇಗೂರಿನ ಮನೆಯಲ್ಲಿ ದಿನವೂ ಸಂಜೆ ಹಸುಗಳ ಕಿವಿಯಿಂದ, ಕೆಚ್ಚಲಿನ ಸಂದಿಯಿಂದ ಉಣ್ಣೆ ಕಿತ್ತು ಸೀಮೆಎಣ್ಣೆಯ ಕರಟಕ್ಕೆ ಹಾಕುವುದು ಅವರ ನೇಮ. ಉಣ್ಣೆಗೊಂದು ಬೈಗುಳ, ಒಮ್ಮೆ ಬೈದದ್ದು ಆ ಸಂಜೆ ಮತ್ತೆ ಬರುವಂತಿಲ್ಲ. ನಿಮ್ಮ ಮೈಯನ್ನೂ ನೋಡಿಕೊಳ್ಳಿ ಎಂದು ಅತ್ತೆ ಹೇಳಿದರೆ, "ನಾನೇನ್ ದನವಾ?" ಎನ್ನುತ್ತಿದ್ದರು.

ಕಳೆದ ವರ್ಷ ಜ್ವರ ಬಂತು. ಅದಕ್ಕೂ ಜಂಬ! "ಒಳಗೆ ರಕ್ತ ಕಾದಾಡ್ತಾದೆ ಕಣ್ಲಾ, ಅದ್ಕೇ ಬಿಸಿ. ಬುಡು, ಗೆಲ್ತದೆ."

ಗುಂಡ್ಲುಪೇಟೆಯ ಡಾಕ್ಟರು ಏನಾದರೂ ಕಚ್ಚಿತ್ತೇ ಎಂದು ಕೇಳಿದಾಗ ಮಾವ ನಕ್ಕುಬಿಟ್ಟರು. ಸ್ಟೆತಸ್ಕೋಪು ಎದೆಗೆ ಬಂದಾಗ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಅಂಗೈಯಿಂದ ಮುಚ್ಚಿಕೊಂಡರು. ಅದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ರಕ್ತಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

ಐದನೆಯ ದಿನ ಅಂಗೈ ಅಂಗಾಲುಗಳಲ್ಲಿ ಕೆಂಪು ಗುಳ್ಳೆ ಕಂಡವು. ಮಾವ ನನ್ನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆದರು. ನಾನು "ಹೂಂ" ಎಂದೆ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆಯಲ್ಲಿ, ಅರೆಪ್ರಜ್ಞೆಯಲ್ಲೂ ಅವರ ಕೈ ಲಿಂಗಪೂಜೆಗೆಂದು ಕರಡಿಗೆಯನ್ನು ತಡಕಿತು. ಹಿಡಿತ ಸಿಗಲಿಲ್ಲ. ಅತ್ತೆ ಕರಡಿಗೆಯನ್ನು ತಾವೇ ಎತ್ತಿ ಕಣ್ಣಿಗೊತ್ತಿಕೊಂಡರು. ಅದರ ಕೆಳಗೆ ಎದೆಯ ಮೇಲೆ ತೊಗರಿಕಾಳಿನಷ್ಟು ಕರಿ ಹಕ್ಕಳೆ, ಸುಟ್ಟ ಗುರುತಿನಂತೆ. ಕರಡಿಗೆ ಉಜ್ಜಿ ಆದದ್ದೆಂದು ಮಾವ ಸುಮ್ಮನಿದ್ದರಂತೆ.

ಡಾಕ್ಟರು ನೋಡಿದ ಕೂಡಲೇ ಔಷಧಿ ಬದಲಿಸಿದರು. ಉಣ್ಣೆ ಅಲ್ಲಿ ಕಚ್ಚಿ ಬಿಟ್ಟುಹೋದ ರೋಗಾಣು ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲೇ ಅಡಗುತ್ತದಂತೆ. ಅದರೊಡನೆ ಮೈ ಕಾದಾಡುವಾಗ ನಾಳಗಳೇ ಸೋರತೊಡಗುತ್ತವಂತೆ. ಪರೀಕ್ಷೆಯಲ್ಲಿ ಕಾಣುವ ಪ್ರತಿಕಾಯಗಳು ತಯಾರಾಗಲು ವಾರವಾದರೂ ಬೇಕು, ಅಲ್ಲಿಯವರೆಗೆ ಕಾದಿದ್ದರೆ?

ಮೂರು ದಿನಕ್ಕೆ ಜ್ವರ ಇಳಿಯಿತು. ಮಾತ್ರೆ ರೋಗಾಣು ಬೆಳೆಯದಂತೆ ತಡೆಯುತ್ತದೆ, ಉಳಿದದ್ದನ್ನು ಮುಗಿಸುವುದು ಮೈಯ ರಕ್ಷಣೆಯೇ ಎಂದರು ಡಾಕ್ಟರು. ಹೇಳಬಾರದಿತ್ತು! ಮಾವ ದಿಂಬಿನಿಂದ ತಲೆಯೆತ್ತಿ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು.

ಈಗಲೂ ಸಂಜೆ ಕರಟ, ಸೀಮೆಎಣ್ಣೆ, ಹೊಸ ಬೈಗುಳ ಎಲ್ಲ ಇವೆ. ಅದು ಮುಗಿದ ಮೇಲೆ ಮಾವ ಅಂಗಿ ಕಳಚಿ, ಕರಡಿಗೆಯನ್ನು ತಾವೇ ಎತ್ತಿ ಹಿಡಿದು, ಅತ್ತೆಯ ಮುಂದೆ ನಿಲ್ಲುತ್ತಾರೆ.

"ಸರ್ಯಾಗ್ ನೋಡಮ್ಮಿ."

ಅತ್ತೆ ಕನ್ನಡಕ ಹಾಕಿಕೊಂಡು ನೋಡುತ್ತಾರೆ. ಏನೂ ಇಲ್ಲ ಎಂದ ಮೇಲೂ ಅವರ ಕೈ ಸ್ವಲ್ಪ ಹೊತ್ತು ಆ ಹಳೆಯ ಕಲೆಯ ಮೇಲೆಯೇ ಇರುತ್ತದೆ. ಮಾವ ಬೈಯುವುದಿಲ್ಲ.