ಅತ್ತೆಯ ಬಾಟಲಿ ಮನೆ

ನಮ್ಮ ಸೋದರತ್ತೆ ಉಪ್ಪಿನಕಾಯಿಯ ಭರಣಿ ತೆರೆದಳೆಂದರೆ ಆ ಮನೆಯಲ್ಲಿ ಯಾರೂ ಬಾಯಿ ಬಿಡುವಂತಿಲ್ಲ. ಕೆಮ್ಮುವುದಂತೂ ದೂರದ ಮಾತು. ಮೊದಲು ಚಮಚೆಯನ್ನು ಗ್ಯಾಸಿನ ಉರಿಗೆ ಹಿಡಿಯುತ್ತಾಳೆ. ಅದು ಆರಿದ ಮೇಲೆ ಒಂದು ಹೋಳು ತೆಗೆದು, ಭರಣಿಯ ಬಾಯಿಯನ್ನು ಸ್ಪಿರಿಟ್ಟಿನಿಂದ ಒರೆಸಿ ಮುಚ್ಚುತ್ತಾಳೆ. ಆಮೇಲೆ "ಈಗ ಮಾತಾಡ್ರಿ" ಎಂದು ಅಪ್ಪಣೆ. ಅಷ್ಟರಲ್ಲಿ ನನ್ನ ರೊಟ್ಟಿ ತಣ್ಣಗಾಗಿರುತ್ತದೆ.

ಇದೇನು ಮಡಿಯೇ? ಕಲಬುರ್ಗಿಯಿಂದ ಬಂದ ನಮ್ಮ ಅಜ್ಜಿ ಹಾಗೇ ತಿಳಿದಳು. "ನನ್ನ ಮಗಳು ಪುಣೆಗೆ ಬಂದ್ರೂ ಮಡಿ ಬಿಟ್ಟಿಲ್ಲ ನೋಡ್ರಿ" ಎಂದು ಊರಿಗೆಲ್ಲ ಫೋನಿನಲ್ಲಿ ಸಾರಿದಳು. ಒಂದು ಬೆಳಿಗ್ಗೆ ಪೂಜೆಗೆ ಕೂತ ಅಜ್ಜಿಯ ಕೈಗೇ ಅತ್ತೆ ಸ್ಪಿರಿಟ್ಟು ಸಿಂಪಡಿಸಿದಳು. ಅಜ್ಜಿ ಎದ್ದು ಇನ್ನೊಮ್ಮೆ ಸ್ನಾನಕ್ಕೆ ಹೋದಳು.

ಅತ್ತೆಗೆ ರಾಂಜಣಗಾಂವದ ರಸ್ತೆಯಲ್ಲಿ ಒಂದು ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಕೆಲಸ. ಬಾಳೆಯ ಮೊಳಕೆಯ ತುದಿಯಿಂದ ಒಂದು ಚೂರು ಕತ್ತರಿಸಿ, ಸಕ್ಕರೆ, ಲವಣ ಬೆರೆಸಿದ ಜೆಲ್ಲಿಯ ಬಾಟಲಿಯಲ್ಲಿ ನೆಡುವುದು. ಆ ಚೂರಿನಿಂದ ಮರಿಗಳು, ಆ ಮರಿಗಳಿಂದ ಇನ್ನಷ್ಟು ಮರಿಗಳು. ಆದರೆ ನೆಡುವಾಗ ಒಬ್ಬರ ಉಸಿರು ತಾಗಿದರೂ ಸಾಕು, ಜೆಲ್ಲಿಯ ಮೇಲೆ ಬಿಳಿ ಬೂಸ್ಟು, ಅತ್ತೆಯ ಮಾತಿನಲ್ಲಿ ಬುರಶಿ, ಹರಡಿ ಇಡೀ ಬಾಟಲಿ ಕಸದ ಪಾಲಾಗುತ್ತದೆ.

ಇದೆಲ್ಲ ಪ್ರಯೋಗಾಲಯದಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮಾವನವರ ಎರಡೂ ಕಿಡ್ನಿ ಕೈಕೊಟ್ಟವು. ಅತ್ತೆ ತನ್ನದೊಂದನ್ನು ಕೊಟ್ಟಳು. ಆ ಕಿಡ್ನಿ ಉಳಿಯಲೆಂದು ಮಾವ ನುಂಗುವ ಮಾತ್ರೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆ. ಅಂದಿನಿಂದ ಪುಣೆಯ ಖರಾಡಿಯ ಆ ಮನೆಯೇ ಒಂದು ಬಾಟಲಿಯಾಯಿತು. ಬಂದವರ ಚಪ್ಪಲಿ ಲಿಫ್ಟಿನ ಬಳಿ, ಮಾತುಕತೆ ಬಾಗಿಲ ಹೊರಗೆ. "ನಂದೊಂದು ತುಂಡು ಇವರೊಳಗ ಹಚ್ಚೇನಿ. ಬುರಶಿ ಬಂದ್ರ ಯಾರು ಜವಾಬ್ದಾರಿ?" ಎನ್ನುತ್ತಿದ್ದಳು. ನಗಬೇಕೋ ಅಳಬೇಕೋ ನಮಗೆ ತಿಳಿಯುತ್ತಿರಲಿಲ್ಲ.

ವರ್ಷ ಕಳೆಯಿತು. ಮಾವ ಮಾಸ್ಕ್ ಹಾಕಿಕೊಂಡು ಜನಸಂದಣಿಯಿಲ್ಲದ ಕಡೆ ತಿರುಗಾಡಲಿ ಎಂದು ಡಾಕ್ಟರೇ ಹೇಳಿದರೂ ಅತ್ತೆ ಒಪ್ಪಲಿಲ್ಲ. ಮಗರಪಟ್ಟಾದ ತಮ್ಮ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳನ್ನು ನಗಿಸುತ್ತಿದ್ದ ಮಾವ ಈಗ ಸೋಫಾದ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದರು. ಕಿಡ್ನಿ ಚೆನ್ನಾಗಿತ್ತು, ಮನುಷ್ಯ ಬಾಡುತ್ತಿದ್ದರು. ಅದೇ ಮನೆಯಲ್ಲಿದ್ದ ನನಗೆ ಅತ್ತೆಯ ಮೇಲೆ ಸಿಟ್ಟೇ ಬಂದಿತ್ತು.

ಒಂದು ಭಾನುವಾರ ನಾವು ಊಟಕ್ಕೆ ಕೂತಾಗ ಆಕೆಯ ಸಹೋದ್ಯೋಗಿಯ ಫೋನು ಬಂತು. ಬೆಳೆದ ಬಾಳೆ ಸಸಿಗಳನ್ನು ಇನ್ನೂ ಬಾಟಲಿಯಿಂದ ತೆಗೆದಿಲ್ಲವಂತೆ. ಆತ ಬಾಗಲಕೋಟೆಯವನು, ಹಾಗಾಗಿ ಅತ್ತೆಯ ಬೈಗುಳವೂ ಶುದ್ಧ ಕನ್ನಡದಲ್ಲೇ ನಡೆಯಿತು.

"ಸಾಯ್ತಾವ ಅಂತ ಅಂಜಿ ಬಾಟಲ್ಯಾಗ ಇಟ್ಟಿರೇನು? ಬಾಟಲ್ಯಾಗಿನ ಎಲಿ ಭಾಳ ತೆಳು ಇರ್ತಾವ, ಬೇರಿಗೆ ಮಣ್ಣು ಗೊತ್ತಿಲ್ಲ. ಹೊರಗ ತಗೀರಿ. ಮೊದಲ ನೆರಳಾಗ ಮುಚ್ಚಿ ಇಡ್ರಿ, ಆಮ್ಯಾಲ ಸ್ವಲ್ಪ ಸ್ವಲ್ಪ ಗಾಳಿಗೆ ಬಿಡ್ರಿ. ಎಲ್ಲಾ ಬದುಕಂಗಿಲ್ಲ, ಖರೆ. ಆದ್ರ ಒಳಗ ಕೂತ್ರ ಒಂದೂ ಉಳಿಯಂಗಿಲ್ಲ."

ಫೋನು ಇಟ್ಟಳು. ಮಾವ ಆಕೆಯನ್ನೇ ನೋಡುತ್ತಿದ್ದರು.

"ನನ್ನ ಯಾವಾಗ ಗಾಳಿಗೆ ಬಿಡ್ತಿ?" ಎಂದರು.

ಅತ್ತೆ ಎದ್ದು ಅಡುಗೆಮನೆಗೆ ನಡೆದಳು. ನಾನೂ ಹಿಂದೆಯೇ ಹೋದೆ. ಒರೆಸಿಟ್ಟ ತಟ್ಟೆಗಳನ್ನೇ ಮತ್ತೆ ಒರೆಸುತ್ತಿದ್ದಳು. "ನಾ ಕೊಟ್ಟದ್ದು ಹೋದ್ರ ಹೋಗ್ಲಿ. ಇವರೇ ಹೋದ್ರ ನಾ ಏನ ಮಾಡ್ಲಿ?" ಎಂದಳು. ನನ್ನ ಸಿಟ್ಟು ಅಲ್ಲೇ ಕರಗಿತು.

ಮರುದಿನದಿಂದ ಮಾವನವರನ್ನು ಹೊರಗಿನ ಹವೆಗೆ ಒಗ್ಗಿಸುವ ಕೆಲಸ ಶುರುವಾಯಿತು, ಥೇಟ್ ಬಾಳೆ ಸಸಿಯ ಕ್ರಮದಲ್ಲೇ. ಮೊದಲು ಬಾಲ್ಕನಿಯಲ್ಲಿ, ಕೊಡೆಯ ಕೆಳಗೆ. ಆಮೇಲೆ ಮಾಸ್ಕು, ಮಫ್ಲರು, ಟೊಪ್ಪಿಗೆ ಹಾಕಿಸಿ ಕೆಳಗಿನ ಅಂಗಳಕ್ಕೆ. ವಾಚ್‌ಮನ್ ಗುರುತು ಸಿಗದೆ "ಕುಣಾಕಡೆ ಜಾಯಚಂ?" ಎಂದ ಮರಾಠಿಯಲ್ಲಿ, ಯಾರ ಮನೆಗೆ ಹೋಗಬೇಕೆಂದು ಕೇಳುತ್ತ. ಅತ್ತೆ ನೆರಳಿನ ಹಾಗೆ ಜೊತೆಗಿರುತ್ತಿದ್ದಳು.

ಒಂದು ಬೆಳಿಗ್ಗೆ ಮಾತ್ರ ಅವರನ್ನು ಬೆಂಚಿನ ಮೇಲೆ ಬಿಟ್ಟು ಒಬ್ಬಳೇ ಮೇಲೆ ಬಂದಳು. ಎರಡನೆಯ ಅಂತಸ್ತಿನ ಬಾಲ್ಕನಿಯಲ್ಲಿ ನನ್ನ ಪಕ್ಕ ನಿಂತಳು. ಕೆಳಗೆ ಮಾವನವರ ಹಳೆಯ ಗೆಳೆಯರು ಸ್ವಲ್ಪ ದೂರ ದೂರ ಕೂತಿದ್ದರು. ಅವರಲ್ಲೊಬ್ಬರು ಜೋರಾಗಿ ಸೀನಿದರು. ಅತ್ತೆ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಾಮಾನ್ನ ಕರೀಲೇನು, ಅತ್ತಿ?" ಎಂದೆ.

ಅಷ್ಟರಲ್ಲಿ ಮಾವ ಏನೋ ಅಂದರು. ಎಲ್ಲರೂ ಗೊಳ್ಳೆಂದು ನಕ್ಕರು. ಮಾಸ್ಕಿನೊಳಗಿಂದ ಮಾವನವರ ನಗು ನಮ್ಮ ತನಕ ಕೇಳಿಸಿತು.

"ಬ್ಯಾಡೋ," ಎಂದಳು ಅತ್ತೆ. ಆಕೆಯ ಕಣ್ಣು ತುಂಬಿತ್ತು. "ಇರ್ಲಿ ಬಿಡು. ನಗಾಕತ್ತಾರ."